ಅಕ್ಕೋರ ಕಟ್ಟೆ: ಅಜ್ಜಿಯ ಮೆಣಸಿನಕಾಯಿ, ಬಾಳೆಹಣ್ಣಿನ ಸಾಲು, 'ಬಾತ್ರೂಂ ಭಾವನೆ'

ಜೂನ್ ಬಂತು. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಮತ್ತೆ ಚೀಲ ಹೊತ್ತ ಮಕ್ಕಳ ಸಾಲು. ಹಳೇ ಚಾಳಿ ನೋಡಿ, ದೂರದ ಶಾಲೆಯ ಗಂಟೆ ಕೇಳಿದರೆ ನನ್ನ ಕಾಲು ಈಗಲೂ ಚಪ್ಪಲಿ ಹುಡುಕುತ್ತದೆ. ಹೊಸ ಓದುಗರಿಗೆ ಒಂದು ಮಾತು: ನಾನು 35 ವರ್ಷ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವಳು. ಕೆಲಸಕ್ಕೆ ಸೇರಿದಾಗ ಅದು ಧಾರವಾಡ ಜಿಲ್ಲೆ. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಕೂತ ಕುರ್ಚಿಯಿಂದ ಏಳದೆಯೇ ಜಿಲ್ಲೆ ಬದಲಾಯಿಸಿದವಳು ನಾನು. ನಮ್ಮ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆ. ಅಂಕಣಕ್ಕೂ ಅದೇ ಹೆಸರು ಅಂಟಿಕೊಂಡಿದೆ.

ಈ ಸಲದ ಪತ್ರಗಳಲ್ಲಿ ಜಾಸ್ತಿ ಪಾಲು ಮನೆ ಮತ್ತು ಶಾಲೆ ನಡುವೆ ಸಿಕ್ಕಿಕೊಂಡ ಮಕ್ಕಳ ಬಗ್ಗೆ. ಆರನ್ನು ಆರಿಸಿದ್ದೇನೆ.

ಪ್ರಶ್ನೆ: ಅಕ್ಕೋರೇ, ನಾವು ಬೆಂಗಳೂರಿನಲ್ಲಿದ್ದೇವೆ. ಊರು ಬ್ಯಾಡಗಿ ಹತ್ತಿರ. ಮಗ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ಅತ್ತೆ ಎರಡು ತಿಂಗಳು ಇದ್ದು ಹೋಗಲು ಬಂದಿದ್ದಾರೆ. ಮೊನ್ನೆ ಅವನನ್ನು ಕರೆತರಲು ಶಾಲೆಯ ಗೇಟಿಗೆ ಹೋಗಿದ್ದರು. ಗೆಳೆಯ ಯಾರೋ 'ಇವರು ಯಾರು' ಅಂತ ಕೇಳಿದ್ದಕ್ಕೆ ಮಗ 'ನಮ್ಮ ಮನೆ ಕೆಲಸದವರು' ಅಂದನಂತೆ, ಇಂಗ್ಲಿಷಿನಲ್ಲಿ. ಅತ್ತೆಗೆ ಆ ಮಾತು ತಿಳಿಯಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ತಾಯಿ ನನಗೆ ಹೇಳಿದರು. ಅಂದಿನಿಂದ ನಿದ್ದೆ ಬರುತ್ತಿಲ್ಲ. ಶಾಲೆ ಬದಲಾಯಿಸಲಾ? (ಬೆಂಗಳೂರು)

ಉತ್ತರ: ಶಾಲೆ ಬದಲಾಯಿಸುವ ಮಾತು ಆಮೇಲೆ. ಮೊದಲು ನನ್ನದೊಂದು ತಪ್ಪು ಹೇಳುತ್ತೇನೆ ತಾಯಿ, ಕೇಳಿ.

ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆಗಿತ್ತು. ಕ್ಲಾಸಿನಲ್ಲಿ ಲಂಬಾಣಿ ತಾಂಡಾದ ಹುಡುಗಿಯೊಬ್ಬಳಿದ್ದಳು. ನಾಲ್ಕನೇ ಕ್ಲಾಸು. 'ನನ್ನ ತಾಯಿ' ಅಂತ ಹತ್ತು ಸಾಲು ಬರೆಯಿರಿ ಅಂದೆ. ಅವಳು 'ನನ್ನ ಯಾಡಿ ಬೆಳಿಗ್ಗೆ ಬೇಗ ಏಳುತ್ತಾಳೆ' ಅಂತ ಶುರು ಮಾಡಿದ್ದಳು. ಅವರ ಮಾತಿನಲ್ಲಿ ಯಾಡಿ ಅಂದರೆ ತಾಯಿ. ನನಗೆ ಅದು ಗೊತ್ತಿತ್ತು. ಆದರೂ ಹತ್ತು ಕಡೆ ಬಂದ ಯಾಡಿಯನ್ನು ಹತ್ತು ಕಡೆಯೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ 'ತಾಯಿ' ಅಂತ ತಿದ್ದಿದೆ. ಒಳ್ಳೆಯ ಅಕ್ಷರ ಅಂತ ಕೊನೆಗೆ ಒಂದು 'ಉತ್ತಮ' ಬೇರೆ ಹಾಕಿದ್ದೆ. ಆ ಹುಡುಗಿ ನೋಟ್‌ಬುಕ್ ತೆಗೆದುಕೊಂಡು ತುಂಬ ಹೊತ್ತು ಆ ಪುಟ ನೋಡುತ್ತ ಕೂತಳು. ಅಷ್ಟೇ. ಅಳಲಿಲ್ಲ, ಏನೂ ಇಲ್ಲ. ಆದರೆ ಅಂದಿನಿಂದ ಕ್ಲಾಸಿನಲ್ಲಿ ಅವಳ ಬಾಯಿ ಬಂದ್. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು. ಮರುವರ್ಷ ಅವರ ಮನೆಯವರು ಗೋವಾಕ್ಕೆ ದುಡಿಯಲು ಹೋದರು, ಅವಳೂ ಹೋದಳು. ಅವರು ಹೋಗಿದ್ದು ನನ್ನ ಕೆಂಪು ಶಾಯಿಯಿಂದಲ್ಲ, ಹೊಟ್ಟೆಪಾಡಿಗೆ. ಆದರೂ ಆ ಪುಟ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಅವಳ ಅವ್ವನನ್ನೇ ನಾನು ಹತ್ತು ಸಲ ತಪ್ಪು ಅಂತ ಹೊಡೆದುಹಾಕಿದ ಹಾಗಾಯಿತು, ಅಲ್ವಾ?

ಇದನ್ನು ಯಾಕೆ ಹೇಳಿದೆ ಅಂದರೆ, 'ನಿನ್ನ ತಾಯಿಯ ಮಾತು ಕೀಳು' ಅಂತ ನಾನು ಆ ಹುಡುಗಿಗೆ ಯಾವತ್ತೂ ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನಿಮ್ಮ ಮಗನಿಗೂ ಯಾರೂ 'ಅಜ್ಜಿ ಕೀಳು' ಅಂತ ಹೇಳಿಕೊಟ್ಟಿರಲಿಕ್ಕಿಲ್ಲ. ಅವನೇ ಲೆಕ್ಕ ಹಾಕಿದ್ದಾನೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಮಾತಾಡುವವರು ಯಾರು? ವಾಚ್‌ಮನ್, ಪಾತ್ರೆ ತೊಳೆಯುವ ಅಕ್ಕ, ಶಾಲಾ ವ್ಯಾನಿನ ಡ್ರೈವರ್. ಇಂಗ್ಲಿಷ್ ಮಾತಾಡುವವರು ಯಾರು? ಸೋಫಾ ಮೇಲೆ ಕೂರುವವರು. ಟಿವಿ ಹಾಕಿದರೆ ಉತ್ತರ ಕರ್ನಾಟಕದ ಮಾತು ಬರುವುದು ನಗಿಸುವುದಕ್ಕೆ. ಹೀಗಿದ್ದಾಗ ಎಂಟು ವರ್ಷದ ಹುಡುಗ ಸೀರೆಯ ಸೆರಗು ತಲೆ ಮೇಲೆ ಹೊದ್ದು 'ಬಾರೋ ನನ್ನಪ್ಪಾ' ಅನ್ನುವ ಹೆಂಗಸನ್ನು ಯಾವ ಪಟ್ಟಿಗೆ ಸೇರಿಸಬೇಕು ಹೇಳಿ?

ಇನ್ನೊಂದು ಕೇಳುತ್ತೇನೆ, ಬೇಸರ ಮಾಡಬೇಡಿ. ಊರಿನಿಂದ ಫೋನ್ ಬಂದಾಗ ನೀವು 'ಹೂಂರಿ, ಆರಾಮ ಅದೇವ್ರಿ' ಅನ್ನುತ್ತೀರಿ. ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಿಗೆ ಬಂದರೆ? ದನಿ ತಗ್ಗುತ್ತದಾ? ಬಾಲ್ಕನಿಗೆ ಹೋಗುತ್ತೀರಾ? ಹೋಗುತ್ತೀರಿ ಅಂತ ನನ್ನ ಅಂದಾಜು. ಧಾರವಾಡಕ್ಕೆ ಟ್ರೈನಿಂಗಿಗೆ ಹೋದಾಗ ನಾನೂ ನನ್ನ ಹಳ್ಳಿಯ ಮಾತನ್ನು ಹಾಗೇ ಬಚ್ಚಿಟ್ಟವಳು. ಮಕ್ಕಳು ನಮ್ಮ ಬುದ್ಧಿಮಾತನ್ನು ಅರ್ಧ ಕೇಳುತ್ತವೆ. ನಾವು ಬಾಲ್ಕನಿಗೆ ಹೋಗಿದ್ದನ್ನು ಪೂರ್ತಿ ನೋಡುತ್ತವೆ.

ಶಾಲೆಯ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳ ಬಗ್ಗೆ ಈ ಅಂಕಣಕ್ಕೆ ಎಷ್ಟೋ ಪತ್ರ ಬಂದಿವೆ. ನಮ್ಮಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ. ಶಾಲೆ ಯಾವುದೇ ಇರಲಿ, ಕನ್ನಡವನ್ನು ಮೊದಲ ಇಲ್ಲವೇ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಕಾಯ್ದೆಯಿಂದ ಟೈಮ್‌ಟೇಬಲ್ಲಿನೊಳಗೆ ಕನ್ನಡ ಬಂತು. ಊಟದ ಬಿಡುವಿನಲ್ಲಿ, ವ್ಯಾನಿನಲ್ಲಿ ಏನಾಗುತ್ತದೆ ಅಂತ ನೀವೇ ಹೋಗಿ ಕೇಳಬೇಕು. ದಂಡ ಇದ್ದರೆ ಜಗಳ ಮಾಡಿ. ಇಲ್ಲದಿದ್ದರೆ ಶಾಲೆ ಬದಲಾಯಿಸುವುದು ಸುಮ್ನೆ ಖರ್ಚು.

ಹುಡುಗನಿಂದ 'ಸಾರಿ' ಹೇಳಿಸಬೇಡಿ. ಅತ್ತೆಗೆ ಆ ಮಾತಿನ ಅರ್ಥವೂ ತಿಳಿಸಬೇಡಿ, ಆ ನೋವು ಅವರಿಗೇಕೆ. ಬದಲಿಗೆ ರಜೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಊರಿಗೆ ಕಳಿಸಿ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಸಾಧ್ಯವಾದರೆ ಇನ್ನೂ ಒಳ್ಳೆಯದು, ಬ್ಯಾಡಗಿ ಮಾರುಕಟ್ಟೆಯಲ್ಲಿ ಕಣ್ಣು ಹಾಯುವಷ್ಟೂ ಕೆಂಪು ಇರುತ್ತದೆ. ಒಳಗೆ ಕಾಲಿಟ್ಟರೆ ಸೀನು ನಿಲ್ಲುವುದಿಲ್ಲ. ಅಲ್ಲಿ ಅಜ್ಜಿಯ ಕೈಗೆ ಒಂದು ಹಿಡಿ ಮೆಣಸಿನಕಾಯಿ ಕೊಟ್ಟು ಯಾವುದು ಡಬ್ಬಿ, ಯಾವುದು ಕಡ್ಡಿ ಅಂತ ಕೇಳಲು ಹೇಳಿ. ಮೋಟಾಗಿ ದಪ್ಪಗಿರುವುದು ಡಬ್ಬಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. ಅಜ್ಜಿ ಮುಟ್ಟಿ ಹೇಳುತ್ತಾರೆ, ಮುರಿದು ಬೀಜದ ಸಪ್ಪಳ ಕೇಳಿ ಹೇಳುತ್ತಾರೆ. ನಿಮ್ಮ ಮಗ ಹತ್ತರಲ್ಲಿ ಆರು ತಪ್ಪು ಹೇಳುತ್ತಾನೆ. ತನ್ನ ಅಜ್ಜಿಗೆ ಬರುವ ವಿದ್ಯೆಯಲ್ಲಿ ತಾನು ನಪಾಸಾಗುವುದು ಅವನಿಗೆ ಹೊಸ ಅನುಭವ. ಆಮೇಲೆ ಗೇಟಿನ ಹತ್ತಿರ ಅಜ್ಜಿಯನ್ನು ಏನಂತ ಪರಿಚಯ ಮಾಡುತ್ತಾನೋ ನೋಡೋಣ. ನನಗೊಂದು ಕಾರ್ಡು ಹಾಕಿ.

ಪ್ರಶ್ನೆ: ನಮ್ಮದು ಮೊಟ್ಟೆ, ಮಾಂಸ ತಿನ್ನದ ಮನೆ. ಮಗಳು ಸರಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಮೊಟ್ಟೆ ಕೊಡುವ ದಿನ ಅವಳು ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಈಗ ಎರಡು ಸಲ ಮೊಟ್ಟೆ ಸಾಲಿಗೆ ಹೋಗಿದ್ದಾಳೆ. ತಾನೇ ನನ್ನ ಕಿವಿಯಲ್ಲಿ ಹೇಳಿ, 'ಅಜ್ಜಿಗೆ ಹೇಳಬ್ಯಾಡ' ಅಂದಳು. ನಾನು ಹೇಳಲಿಲ್ಲ. ತಪ್ಪು ಮಾಡಿದೆನಾ? (ಗದಗ)

ಉತ್ತರ: ನಿಮ್ಮ ಕಿವಿಯಲ್ಲಿ ಹೇಳಿದಳಲ್ಲ, ಅದನ್ನು ಮೊದಲು ಕಾಪಾಡಿಕೊಳ್ಳಿ. ಅದು ಹೋದರೆ ಮುಂದೆ ಮೊಟ್ಟೆಗಿಂತ ದೊಡ್ಡ ಸಂಗತಿಗಳೂ ನಿಮಗೆ ಗೊತ್ತಾಗುವುದಿಲ್ಲ.

ಶಾಲೆಯ ಮೊಟ್ಟೆ 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿ, ಮರುವರ್ಷ ಉಳಿದ ಕಡೆಗೂ ಬಂತು. ನಾನು ಆಗಲೇ ನಿವೃತ್ತಳಾಗಿದ್ದೆ. ಆದರೆ ನಮ್ಮ ಹಳೇ ಶಾಲೆಗೆ ಆಗಾಗ ಹೋಗುತ್ತೇನೆ, ಆ ಎರಡು ಸಾಲು ನೋಡಿದ್ದೇನೆ. ಮೊಟ್ಟೆ ಸಾಲು ಉದ್ದ, ಗದ್ದಲ ಜಾಸ್ತಿ. ಬಾಳೆಹಣ್ಣಿನ ಸಾಲು ಚಿಕ್ಕದು. ಚಿಕ್ಕ ಸಾಲಿನವರು ಉಣ್ಣುವಾಗಲೂ ಒಂದು ಕಡೆ ಗುಂಪಾಗಿಬಿಡುತ್ತಾರೆ. ನಲ್ಲಿಯ ಹಿಂದೆ ಅರ್ಧ ಮೊಟ್ಟೆಗೆ ಅರ್ಧ ಬಾಳೆಹಣ್ಣು ಬದಲಿ ವ್ಯಾಪಾರವೂ ನಡೆಯುತ್ತದೆ. ನಿಮ್ಮ ಮಗಳು ಸಾಲು ಬದಲಾಯಿಸಿದ್ದು ಮೊಟ್ಟೆಯ ಆಸೆಗೋ, ಆ ಸಾಲಿನಲ್ಲಿರುವ ಗೆಳತಿಯ ಆಸೆಗೋ? ಕೇಳಿ ನೋಡಿ. ಗೆಳತಿಗಾಗಿ ಅಂದರೆ, ಕೈಯಲ್ಲಿ ಬಾಳೆಹಣ್ಣು ಹಿಡಿದೇ ಗೆಳತಿಯ ಪಕ್ಕ ಕೂರುವಂತೆ ಮಾಡಲು ಅವರ ಟೀಚರಿಗೆ ಒಂದು ಮಾತು ಹೇಳಿದರೆ ಸಾಕು. ಮೊಟ್ಟೆಯ ಆಸೆಗೇ ಅಂದರೆ, ಅದು ನಿಮ್ಮ ಮನೆಯ ತೀರ್ಮಾನ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ನನ್ನ ಕಾಲದ ಜಗಳ ಅನ್ನದ್ದು. ಮೊದಲು ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು. ಮನೆಗೆ ಒಯ್ಯುತ್ತಿದ್ದರು. ಯಾರ ಮನೆಯಲ್ಲಿ ಯಾರು ಬೇಯಿಸಿದರೆ ಯಾರಿಗೇನು? ತಂಟೆಯೇ ಇರಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಿ ಅಂದಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ, ಮರುವರ್ಷ ನಮ್ಮ ಕಡೆ ಅಕ್ಷರ ದಾಸೋಹ ಬಂತು. ಶಾಲೆಯ ಅಂಗಳದಲ್ಲಿ ಒಲೆ ಹೊತ್ತಿತು ನೋಡಿ, ಅಲ್ಲಿಯವರೆಗೆ ಮನೆಯೊಳಗೆ ಮಲಗಿದ್ದ ಜಾತಿ ಎದ್ದು ಶಾಲೆಗೆ ಬಂತು. ನಮ್ಮಲ್ಲಿ ಅಡುಗೆಗೆ ನೇಮಕವಾದವಳು ದಲಿತ ಕೇರಿಯ ಹೆಂಗಸು, ಗಂಡ ತೀರಿಹೋಗಿದ್ದ. ಮೊದಲ ವಾರ ಹನ್ನೊಂದು ಮಕ್ಕಳು ಮನೆಯಿಂದ ಬುತ್ತಿ ತಂದವು.

ನಾನೇನೂ ಕ್ರಾಂತಿ ಮಾಡಲಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕು ಅನ್ನುವುದು ನಿಯಮ. ಎಲ್ಲರ ಎದುರಿಗೆ ಕೂತು ರುಚಿ ನೋಡಿದೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಅಂದೆ. ಅವಳು ಹಾಕಿದಳು. ಮರುದಿನ ರುಚಿಗಲ್ಲ, ಊಟಕ್ಕೇ ಕೂತೆ. ಎರಡು ಮನೆಯವರು ಟಿಸಿ ತಗೊಂಡು ಹೋದರು, ವಾಪಸ್ ಬರಲಿಲ್ಲ. ಉಳಿದ ಮಕ್ಕಳಿಗೆ ಹಸಿವಾಯಿತು, ಪಕ್ಕದವನ ತಟ್ಟೆಯಲ್ಲಿ ಬಿಸಿ ಅನ್ನದ ಹಬೆ ಏಳುತ್ತಿತ್ತು. ತಿಂಗಳೊಳಗೆ ಬುತ್ತಿ ನಿಂತವು. 2004ರಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂದಾಗ ನಮ್ಮ ಶಾಲೆಯಲ್ಲಿ ಅದು ಹಳೇ ಸುದ್ದಿಯಾಗಿತ್ತು.

ಇನ್ನೊಂದು ಸಂಗತಿ ಇದೆ. ಇದನ್ನು ನಾನು ಎಲ್ಲೂ ಬರೆದಿಲ್ಲ. ಶಾಲೆಯಲ್ಲಿ ಉಂಡ ಆ ದಿನ ಸಂಜೆ ಮನೆಗೆ ಬಂದು ನಮ್ಮ ಅತ್ತೆಯವರಿಗೆ ಹೇಳಲಿಲ್ಲ. ಮಗನಿಗೆ ಗೊತ್ತಿತ್ತು. ಅವನಿಗೆ ಕಣ್ಣು ಸನ್ನೆ ಮಾಡಿದೆ, 'ಅಜ್ಜಿಗೆ ಹೇಳಬ್ಯಾಡ' ಅಂತ. ಆಗ ನನಗೆ ನಲವತ್ತು ದಾಟಿತ್ತು! ನಿಮ್ಮ ಮಗಳಿಗೆ ಇನ್ನೂ ಹತ್ತು.

ಹಾಗಾಗಿ ನಿಮಗೆ ತಪ್ಪು ಅನ್ನುವ ಮುಖ ನನಗಿಲ್ಲ. ನೀವಾಗಿ ಹೋಗಿ ಹೇಳಬೇಕಾಗಿಲ್ಲ. ಆದರೆ ಅಜ್ಜಿ ಕೇಳಿದರೆ ಮಗಳ ಕೈಯಲ್ಲಿ ಸುಳ್ಳು ಹೇಳಿಸಬೇಡಿ. ಮತ್ತೆ ಒಂದು ಸೂಕ್ಷ್ಮ ನೋಡಿಕೊಳ್ಳಿ. 'ನಾವು ತಿನ್ನುವುದಿಲ್ಲ' ಅನ್ನುವುದು ಒಂದು ಮಾತು. 'ಥೂ, ಅವರು ತಿನ್ನುತ್ತಾರೆ' ಅನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಮನೆಯವರು ಧಾರಾಳವಾಗಿ ಕಲಿಸಲಿ. ಎರಡನೆಯದು ನಿಮ್ಮ ಮನೆಯಲ್ಲಿ ಕೇಳಿಬರುತ್ತಿದ್ದರೆ, ಮಗಳು ಗುಟ್ಟು ಮಾಡಿದ್ದು ಅದಕ್ಕೇ. ಗೆಳತಿಯ ತಟ್ಟೆಗೆ ಥೂ ಅನ್ನಿಸಿಕೊಳ್ಳುವುದು ಯಾವ ಮಗುವಿಗೆ ಬೇಕು?

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿ ನಾನು. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಅಂತ ಆಗಿದೆಯಲ್ಲ. ಓದಿಸುತ್ತೇನೆ. ಮಕ್ಕಳು ಗಿಳಿಪಾಠ ಒಪ್ಪಿಸುತ್ತವೆ. ಎರಡನೇ ಕ್ಲಾಸಿನ ಹುಡುಗನೊಬ್ಬ 'ಭ್ರಾತೃಭಾವನೆ' ಬರುವಲ್ಲಿ ದಿನಾ ಗಟ್ಟಿಯಾಗಿ 'ಬಾತ್ರೂಂ ಭಾವನೆ' ಅನ್ನುತ್ತಾನೆ. ನನಗೇ ನಗು ತಡೆಯಲು ಆಗುವುದಿಲ್ಲ. ಹೀಗೆ ಓದಿಸುವುದರಿಂದ ಏನಾದರೂ ಉಪಯೋಗ ಇದೆಯಾ? (ಚಿತ್ರದುರ್ಗ)

ಉತ್ತರ: ತಂಗಿ, ಆ ಹುಡುಗ ಜಾಣ. ಅವನು ಹೇಳಿದ ಕಡೆಯಿಂದಲೇ ಶುರು ಮಾಡು. ನಿಮ್ಮ ಶಾಲೆಯ ಬಾತ್ರೂಮಿಗೆ ನೀರು ಹೊರುವವರು ಯಾರು? ಯಾವ ಕ್ಲಾಸಿನವರು, ಯಾವ ಕೇರಿಯವರು? ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿ ಪೇಪರಿಗೆ ಬಂದ ಶಾಲೆಗಳ ಸುದ್ದಿ ಓದಿರುತ್ತೀಯ. ಅಲ್ಲಿಯೂ ಬೆಳಿಗ್ಗೆ ಪ್ರಾರ್ಥನೆ ಆಗಿಯೇ ಇತ್ತು.

ನಮ್ಮ ಶಾಲೆಯಲ್ಲಿ ಹುಡುಗಿಯರು ಕಸ ಗುಡಿಸುತ್ತಿದ್ದರು, ಹುಡುಗರು ಗಂಟೆ ಹೊಡೆಯುತ್ತಿದ್ದರು. ನಾನು ಹೀಗೇ ಮಾಡಿ ಅಂತ ಹೇಳಿರಲಿಲ್ಲ. ನಾನು ಬರುವ ಮೊದಲೇ ಹಾಗಿತ್ತು. ಹನ್ನೊಂದು ವರ್ಷ ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡು. ಒಂದು ದಿನ ಐದನೇ ಕ್ಲಾಸಿನ ಹುಡುಗಿ ಕಸಬರಿಗೆ ಮೂಲೆಗೆ ಒರಗಿಸಿ ಕೇಳಿದಳು: 'ಅಕ್ಕೋರ, ಗಂಟಿ ಬರೇ ಹುಡುಗರ ಹೊಡಿಬೇಕೇನ್ರಿ?' ಮರುದಿನ ಪಾಳಿ ಹಚ್ಚಿದೆವು. ಹುಡುಗರು ಗುಡಿಸಿದ್ದು ಅಷ್ಟಕ್ಕಷ್ಟೇ, ಮೂಲೆಯಲ್ಲಿ ಕಸ ಹಾಗೇ ಇರುತ್ತಿತ್ತು. ಆ ಹುಡುಗಿ ಗಂಟೆ ಹೊಡೆದಿದ್ದು ಮಾತ್ರ ಮುಂದಿನ ಊರಿಗೆ ಕೇಳಿಸಿರಬೇಕು.

ಮತ್ತೊಂದು. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಕ್ಲಾಸಿನಲ್ಲಿ 'ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಲ್ಲಿ' ಅನ್ನುವ ಪದ್ಧತಿ ಎಷ್ಟೋ ಕಡೆ ಇದೆ. ಕೆಟ್ಟ ಉದ್ದೇಶದಿಂದ ಅಲ್ಲ, ಬೇಗ ಮುಗಿಯಲಿ ಅಂತ. ನೀನು ಹಾಗೆ ಮಾಡಬೇಡ. ದಾಖಲಾತಿ ಪುಸ್ತಕ ನೋಡಿ ಪಟ್ಟಿ ಮಾಡಿಕೋ, ಒಬ್ಬೊಬ್ಬರನ್ನೇ ಟೇಬಲ್ಲಿನ ಹತ್ತಿರ ಕರೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. 'ವ್ಯಕ್ತಿಗೌರವ' ಅನ್ನುವ ಪದ ಪೀಠಿಕೆಯಲ್ಲಿ ಎಲ್ಲಿ ಬರುತ್ತದೆ ಅಂತ ನಿನಗೇ ಗೊತ್ತು.

ಓದಿಸುವುದನ್ನು ನಿಲ್ಲಿಸಬೇಡ. ಗಿಳಿಪಾಠಕ್ಕೂ ಒಂದು ಉಪಯೋಗ ಇದೆ, ದೊಡ್ಡವರಾದ ಮೇಲೆ ಬೇಕಾದಾಗ ಬಾಯಿಗೆ ಬರುತ್ತದೆ. ಆ ಹುಡುಗನನ್ನು ಈ ವರ್ಷ ತಿದ್ದಬೇಡ. ಮುಂದಿನ ವರ್ಷ ಅವನೇ ಸರಿ ಹೇಳುತ್ತಾನೆ. ಆಗ ನಿನಗೆ ಬೇಜಾರಾಗುತ್ತದೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಮಾಸ್ತರರು ಬೆತ್ತ ಹಿಡಿದರೆ ಸಂಸ್ಕಾರ ತಾನಾಗಿ ಬರುತ್ತಿತ್ತು. 'ಛಡಿ ಛಂ ಛಂ, ವಿದ್ಯಾ ಘಂ ಘಂ.' ಈಗ ಹೊಡೆಯುವಂತಿಲ್ಲ ಅಂತ ಕಾನೂನು. ಮಕ್ಕಳಿಗೆ ಭಯವೇ ಇಲ್ಲ. ನಿಮ್ಮ ಅಭಿಪ್ರಾಯ? (ನಿವೃತ್ತ ನೌಕರರು, ವಿಜಯಪುರ)

ಉತ್ತರ: ಹಿರಿಯರೇ, ನಮಸ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ಅದಕ್ಕೆ ಮುಂಚೆ ನಾನೂ ಬೆತ್ತ ಹಿಡಿದವಳೇ. ಬೆತ್ತದಿಂದ ಮಕ್ಕಳು ಕಲಿತಿದ್ದು ಒಂದೇ: ಬೆತ್ತ ಇರುವವರ ಎದುರಿಗೆ ಹೇಗಿರಬೇಕು ಅನ್ನುವುದು. ನಾನು ರಜೆ ಹಾಕಿದ ದಿನ ಕ್ಲಾಸು ಹೇಗಿರುತ್ತಿತ್ತು ಅಂತ ಪಕ್ಕದ ಕೋಣೆಯ ಮಾಸ್ತರರನ್ನು ಕೇಳಬೇಕಿತ್ತು ನೀವು.

ಪ್ರಶ್ನೆ: ನಮ್ಮದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಹಳ್ಳಿ. ಮನೆಮಾತು ಕನ್ನಡ. ದೊಡ್ಡ ಮಗಳು ಇಲ್ಲಿನ ಕನ್ನಡ ಶಾಲೆಯಲ್ಲೇ ಓದಿದಳು. ಕಾಲೇಜಿಗೆ ವಿಜಯಪುರಕ್ಕೆ ಹೋದರೆ ಅಲ್ಲಿ 'ಮರಾಠಿಯವಳು' ಅಂತಾರೆ. ಸಾಂಗ್ಲಿಗೆ ಹೋದರೆ 'ಕಾನಡಿ'. ಈಗ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಕನ್ನಡ ಶಾಲೆಯೋ ಮರಾಠಿ ಶಾಲೆಯೋ? (ಜತ್ತ)

ಉತ್ತರ: ನಿಮ್ಮ ಪತ್ರದಲ್ಲಿ 'ಪಾಟಿ'ಗೆ 'ಪಾಟಿ' ಅಂತಲೇ ಬರೆದಿದ್ದೀರಿ, 'ಸ್ಲೇಟು' ಅಂದಿಲ್ಲ. ನಮ್ಮ ಕಡೆಯೂ ಅದೇ. ಓದಿ ಖುಷಿಯಾಯಿತು.

1956ರಲ್ಲಿ ರಾಜ್ಯಗಳ ಗೆರೆ ಎಳೆದರು. ನಿಮ್ಮ ಅಜ್ಜ ಎಲ್ಲಿಗೂ ಹೋಗಲಿಲ್ಲ, ಗೆರೆಯೇ ಅವರ ಹೊಲದ ಆಚೆ ಬಂದು ನಿಂತಿತು. 1967ರಲ್ಲಿ ಎರಡು ರಾಜ್ಯಗಳ ಗಡಿ ಬಗ್ಗೆ ಮಹಾಜನ ವರದಿ ಬಂತು, ಅದರ ಜಗಳ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ ನಿಮ್ಮ ಮಗ ಒಂದನೇ ಕ್ಲಾಸಿಗೆ ಕಾಯಲು ಆಗುವುದಿಲ್ಲ.

ಅದೇ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅಂತ. ನಿಮ್ಮ ಊರಿನ ಕನ್ನಡ ಶಾಲೆ ಯಾರೋ ದಾನ ಕೊಟ್ಟಿದ್ದಲ್ಲ. ಬೆಳಗಾವಿಯ ಮರಾಠಿ ಶಾಲೆಗೂ, ನಮ್ಮ ಹಾವೇರಿಯ ಉರ್ದು ಶಾಲೆಗೂ ಇದೇ ಮಾತು. ಇನ್ನು ಆಯ್ಕೆ ಯಾರದ್ದು ಅಂದರೆ ನಿಮ್ಮದೇ. ಕಲಿಕೆಯ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ನಮ್ಮ ಕರ್ನಾಟಕದ್ದೇ ಕೇಸು.

ನನ್ನನ್ನು ಕೇಳಿದರೆ, ಆ ಶಾಲೆಯಲ್ಲಿ ಪಾಠ ಮಾಡಲು ಟೀಚರ್ ಇದ್ದಾರಾ ಅಂತ ಮೊದಲು ನೋಡಿ. ಇದ್ದರೆ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಜೊತೆಗೆ ಮರಾಠಿಯನ್ನೂ ಗಟ್ಟಿಯಾಗಿ ಕಲಿಸಿ. ಬರೀ ಮಾತಾಡುವಷ್ಟಲ್ಲ, ಅರ್ಜಿ ಬರೆಯುವಷ್ಟು. ಟೀಚರ್ ಇಲ್ಲದ ಶಾಲೆಗೆ ಭಾಷಾಭಿಮಾನಕ್ಕೆ ಮಗುವನ್ನು ಸೇರಿಸುವುದು ನನಗೆ ಒಪ್ಪಿಗೆ ಇಲ್ಲ. ಕನ್ನಡದ ಹೆಸರಿನಲ್ಲೇ ಆದರೂ ಒಪ್ಪಿಗೆ ಇಲ್ಲ.

ಮಗಳ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಅವಳದೇ ಚಿಂತೆ. ಎರಡೂ ಕಡೆ 'ನೀನು ನಮ್ಮವಳಲ್ಲ' ಅನ್ನಿಸಿಕೊಂಡವಳು ಮನೆಗೆ ಬಂದಾಗ ನೀವು ಏನಂದಿರಿ? ತಾಳಿಕೊಳ್ಳಮ್ಮ ಅಂದಿರಾ? ಅವಳಿಗೆ ನನ್ನ ವಿಳಾಸ ಕೊಡಿ, ಅವಳೇ ಬರೆಯಲಿ. ಎರಡು ಭಾಷೆಯಲ್ಲಿ ಬೈಯಲು ಬರುವ ಹುಡುಗಿಯ ಪತ್ರ ಓದಬೇಕು ನನಗೆ.

ಪ್ರಶ್ನೆ: ಅಕ್ಕೋರೇ, ನಾನು ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರಿದೆ. ಹತ್ತನೇ ಕ್ಲಾಸಿನವರೆಗೂ ಅಲ್ಲೇ. ಈಗ ಪಿಯುಸಿ, ಬೇರೆ ಹಾಸ್ಟೆಲ್. ಮನೆಗೆ ಹೋದರೆ ನೆಂಟನ ಹಾಗೆ ಅನಿಸುತ್ತದೆ. ಅವ್ವ ನನಗೆ ಮಾತ್ರ ಹೊಸ ಸ್ಟೀಲಿನ ತಟ್ಟೆಯಲ್ಲಿ ಬಡಿಸುತ್ತಾಳೆ. ಅಣ್ಣ ಮತ್ತು ತಂಗಿ ಹಳೇ ತಾಟಿನಲ್ಲಿ ಉಣ್ಣುತ್ತಾರೆ. ನಾನು ಬಂದರೆ ಅಪ್ಪ ಬೀಡಿ ಸೇದಲು ಹೊರಗೆ ಹೋಗುತ್ತಾನೆ. ಅವರು ಏನೋ ಮಾತಾಡಿ ನಗುತ್ತಾರೆ, ನನಗೆ ಆ ಮಾತಿನ ಹಿಂದುಮುಂದು ತಿಳಿಯುವುದಿಲ್ಲ. ಹಾಸ್ಟೆಲ್ಲಿನಲ್ಲಿ ಮನೆ ನೆನಪಾಗುತ್ತದೆ, ಮನೆಯಲ್ಲಿ ಹಾಸ್ಟೆಲ್ ನೆನಪಾಗುತ್ತದೆ. ನನ್ನದು ಯಾವುದು? ಪತ್ರ ಹಾಕಿದರೆ ಹೆಸರು ಹಾಕಬೇಡಿ. ಅವ್ವನಿಗೆ ಓದಲು ಬರುವುದಿಲ್ಲ, ಆದರೂ. (ರಾಣೆಬೆನ್ನೂರು ತಾಲ್ಲೂಕು)

ಉತ್ತರ: ತಮ್ಮಾ, ನಿನ್ನ ಪತ್ರ ಮೂರು ಸಲ ಓದಿದೆ. ನಾನು ನನ್ನ ಮಕ್ಕಳನ್ನು, ಅಂದರೆ ಶಾಲೆಯ ಮಕ್ಕಳನ್ನು, ಎಷ್ಟೋ ಜನರನ್ನು ಆ ಪರೀಕ್ಷೆಗೆ ಕೂರಿಸಿ ವಸತಿ ಶಾಲೆಗೆ ಕಳಿಸಿದವಳು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಾಗ ಮನೆಗೆ ಹೋಗಿ ಪೇಡೆ ಹಂಚಿದವಳು. ಟ್ರಂಕು ಹೊತ್ತು ಹೋದ ಆ ಹನ್ನೊಂದು ವರ್ಷದ ಹುಡುಗ ರಜೆಗೆ ಬಂದಾಗ ಎಲ್ಲಿ ಕೂರುತ್ತಾನೆ, ಯಾವ ತಾಟಿನಲ್ಲಿ ಉಣ್ಣುತ್ತಾನೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ನೀನು ಬರೆದು ನನ್ನ ತಲೆ ತಿರುಗಿಸಿದೆ.

ಆ ಸ್ಟೀಲಿನ ತಟ್ಟೆ ನಿನ್ನನ್ನು ದೂರ ಇಡಲು ಅಲ್ಲ ಅಂತ ನಿನಗೂ ಗೊತ್ತು. ನಿನ್ನ ಅವ್ವ ಅದನ್ನು ಕಪಾಟಿನಲ್ಲಿ ಒರೆಸಿ ಇಟ್ಟಿರುತ್ತಾಳೆ, ನೀನು ಬರುವ ದಿನಕ್ಕೆ. ಅಪ್ಪ ಹೊರಗೆ ಹೋಗುವುದೂ ಓದಿದ ಮಗನ ಎದುರು ಬೀಡಿ ಸೇದುವುದು ಹೇಗೆ ಅಂತ. ನಿನ್ನನ್ನು ಮೇಲೆ ಕೂರಿಸಿದ್ದಾರೆ. ಮೇಲೆ ಕೂತವನಿಗೆ ಒಂಟಿ ಅನಿಸುತ್ತದೆ ಅಂತ ಅವರಿಗೆ ಹೊಳೆದಿಲ್ಲ. ಅವರಲ್ಲಿ ಯಾರೂ ಇದಕ್ಕೆ ಮುಂಚೆ ಮೇಲೆ ಕೂತವರಲ್ಲವಲ್ಲ.

ಯಾವುದು ನನ್ನದು ಅಂತ ಕೇಳಿದ್ದೀಯ. ಎರಡೂ ನಿನ್ನದೇ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಹಾಸ್ಟೆಲ್ ನಿನ್ನದಾಗಿದ್ದು ಹೇಗೆ ನೆನಪು ಮಾಡಿಕೋ. ಅಲ್ಲಿ ನಿನಗೆ ಪಾಳಿ ಇತ್ತು. ಬಕೆಟ್ ತುಂಬಿದೆ, ಚಪಾತಿ ಬಡಿಸಿದೆ, ಲೈಟು ಆರಿಸಿದೆ, ಯಾರ ಚಡ್ಡಿ ಯಾರದೋ ಹಗ್ಗದ ಮೇಲಿಂದ ಕದ್ದಿದ್ದೂ ಇದ್ದೀತು. ಮನೆಯಲ್ಲಿ ನಿನಗೆ ಪಾಳಿಯೇ ಇಲ್ಲ. 'ನೀ ಓದ್ಕೊ' ಅನ್ನುತ್ತಾರೆ. ಕೆಲಸ ಇಲ್ಲದವನು ನೆಂಟನೇ ಅಲ್ವಾ?

ಈ ಸಲ ಹೋದಾಗ ಜೋಳದ ಡಬ್ಬಿ ನೀನು ಎತ್ತಿಕೋ, ಗಿರಣಿಗೆ ಹೋಗು. ಅವ್ವ ಬೇಡ ಅನ್ನುತ್ತಾಳೆ, ಕೇಳಬೇಡ. ಗಿರಣಿಯಲ್ಲಿ ಸರದಿಗೆ ಕೂತರೆ ಊರಿನ ಅರ್ಧ ಸುದ್ದಿ ತಿಳಿಯುತ್ತದೆ. ಮನೆಯವರು ನಗುವ ಮಾತಿನ ಹಿಂದುಮುಂದು ಇರುವುದೇ ಅಲ್ಲಿ. ಹಿಟ್ಟು ಬಿಸಿ ಇರುವಾಗಲೇ ಮನೆಗೆ ತಾ. ತಂಗಿಯ ಹಳೇ ತಾಟು ಕಸಿದುಕೊಂಡು ಉಣ್ಣು, ಸ್ಟೀಲಿನದು ಅವಳಿಗೆ ಕೊಡು. ಜಗಳ ಆಗುತ್ತದೆ, ಆಗಲಿ. ನೆಂಟರ ಜೊತೆ ಯಾರೂ ತಾಟಿಗೆ ಜಗಳ ಆಡುವುದಿಲ್ಲ. ಅಪ್ಪನ ವಿಷಯಕ್ಕೆ ಅವಸರ ಮಾಡಬೇಡ, ಗಂಡಸರಿಗೆ ಟೈಮು ಹಿಡಿಯುತ್ತದೆ. ಅವನು ಹೊರಗೆ ಹೋದರೆ ನೀನೂ ಹೋಗಿ ಕಟ್ಟೆಯ ಇನ್ನೊಂದು ತುದಿಗೆ ಕೂತಿರು. ಬೀಡಿ ಮಾತ್ರ ಮುಟ್ಟಬೇಡ.

ಹೆಸರು ಹಾಕಿಲ್ಲ, ಹೆದರಬೇಡ. ಆದರೆ ಈ ಪುಟ ಮನೆಗೆ ಒಯ್ಯಿ. ಅವ್ವನಿಗೆ ನೀನೇ ಓದಿ ಹೇಳು. ಅವಳು ರೊಟ್ಟಿ ಬಡಿಯುವಾಗ ಓದಬೇಡ, ಸಪ್ಪಳಕ್ಕೆ ಕೇಳಿಸುವುದಿಲ್ಲ.